ಊರಿನ ಬರ್ತ್ ಸರ್ಟಿಫಿಕೇಟು

ನಮ್ಮಲ್ಲಿ ಮನುಷ್ಯರು ಹುಟ್ಟಿದ ತಾರೀಖೇ ಸರಿಯಾಗಿ ಗೊತ್ತಿರುವುದಿಲ್ಲ. ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಒಮ್ಮೆ ಮುಖ ನೋಡಿ ‘ಜೂನ್ ಒಂದು’ ಎಂದು ಬರೆದುಕೊಂಡರೆ ಆಯಿತು, ರಿಟೈರಾಗುವವರೆಗೂ ಅದೇ ಜನ್ಮದಿನ. ಹೀಗಿರುವಾಗ ಒಂದು ಊರು ಯಾವತ್ತು ಹುಟ್ಟಿತು ಎಂದು ಯಾರನ್ನು ಕೇಳುವುದು?

ಭದ್ರಾವತಿಯವರನ್ನು ಕೇಳಬಹುದು. ಅವರ ಹತ್ತಿರ ತಾರೀಖು ತಯಾರಿದೆ: 1923ರ ಜನವರಿ 18. ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಶುರುವಾದದ್ದು ಅಂದು. ಊರೂ ಅಂದೇ ಶುರುವಾಯಿತು ಎಂಬುದು ಅವರ ಲೆಕ್ಕ. ಓಲ್ಡ್ ಟೌನಿನ ಲಕ್ಷ್ಮೀನರಸಿಂಹಸ್ವಾಮಿ ಇದನ್ನು ಕೇಳಿಯೂ ಸುಮ್ಮನಿದ್ದಾನೆ. ಮೂರು ಗರ್ಭಗುಡಿಗಳ ದೇವಸ್ಥಾನ ಕಟ್ಟಿ ಅವನನ್ನು ಕೂರಿಸಿದವರು ಹೊಯ್ಸಳರು. ಊರಿಗೆ ಹಿಂದೆ ಬೆಂಕಿಪುರ ಎಂಬ ಹೆಸರೂ ಇತ್ತು. ಅಷ್ಟು ಹಳೆಯ ಊರನ್ನು ಹಿಡಿದು ‘ನೀನು ನಿನ್ನೆ ಮೊನ್ನೆ ಹುಟ್ಟಿದವನು’ ಅಂದರೆ ಯಾವ ದೇವರಿಗಾದರೂ ಬೇಜಾರಾಗಬೇಕು. ಆದರೆ ನರಸಿಂಹನಿಗೆ ಕಾರ್ಖಾನೆಯಿಂದ ನಷ್ಟವೇನೂ ಆಗಿರಲಾರದು. ಬೋನಸ್ ಬಂದ ತಿಂಗಳು ಹಣ್ಣುಕಾಯಿ ಮಾಡಿಸುವವರು ಹೆಚ್ಚೇ ಇದ್ದಿರಬೇಕು.

ನಿಜಕ್ಕೂ ಅಲ್ಲಿ ಕಾರ್ಖಾನೆ ಬಂದದ್ದೇ ಒಂದು ತಮಾಷೆ. ಕಬ್ಬಿಣ ಕರಗಿಸಲು ಕಲ್ಲಿದ್ದಲು ಬೇಕು. ಸಂಸ್ಥಾನದಲ್ಲಿ ಕಲ್ಲಿದ್ದಲೇ ಇಲ್ಲ. ಮತ್ತೊಬ್ಬರಾಗಿದ್ದರೆ ಕಡತ ಅಲ್ಲಿಗೇ ಮುಚ್ಚುತ್ತಿದ್ದರು. ದಿವಾನರಾಗಿದ್ದವರು ವಿಶ್ವೇಶ್ವರಯ್ಯನವರು. ಕಲ್ಲಿದ್ದಲಿಲ್ಲದಿದ್ದರೇನು, ಮಲೆನಾಡಿನ ತುಂಬ ಮರವಿದೆಯಲ್ಲ ಎಂದರು. ಮರವನ್ನು ಗಾಳಿಯಾಡದಂತೆ ಮುಚ್ಚಿ ಕಾಯಿಸಿದರೆ ಇದ್ದಲು ಸಿಗುತ್ತದೆ. ಹೊರಬರುವ ಹೊಗೆಯನ್ನು ತಣಿಸಿದರೆ ಮರದ ಆಲ್ಕೋಹಾಲು, ಟಾರು ಸಿಗುತ್ತವೆ. ಹೊಗೆಯನ್ನೂ ಹಿಡಿದು ಮಾರುವ ಈ ಲೆಕ್ಕಾಚಾರ ನೋಡಿದರೆ, ಅವರ ಮನೆಯಲ್ಲಿ ಹಾಲಿನ ಪಾತ್ರೆ ತೊಳೆದ ನೀರೂ ದಂಡವಾಗುತ್ತಿರಲಿಲ್ಲವೇನೋ ಅನ್ನಿಸುತ್ತದೆ. ಅದಿರು ಕೆಮ್ಮಣ್ಣುಗುಂಡಿಯದು. ಅಲ್ಲಿಂದ ರೋಪ್‌ವೇ ತೊಟ್ಟಿಲುಗಳಲ್ಲಿ ಬೆಟ್ಟ ಇಳಿದು, ಟ್ರಾಮ್ ಹಳಿ ಹಿಡಿದು ಊರಿಗೆ ಬರುತ್ತಿತ್ತು. ಈಗ ಕೆಮ್ಮಣ್ಣುಗುಂಡಿಗೆ ಹೋಗಿ ಮಂಜಿನಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವವರಿಗೆ, ಕಾಲಡಿಯ ಕೆಂಪು ಮಣ್ಣಿಗೆ ಹಿಂದೆ ಒಂದು ಉದ್ಯೋಗವಿತ್ತು ಎಂಬುದು ನೆನಪಿಗೆ ಬರುವುದು ಕಷ್ಟ.

ಕುಲುಮೆ ಹೊತ್ತುವ ವೇಳೆಗೆ ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟು ನಾಲ್ಕು ವರ್ಷ ದಾಟಿತ್ತು. ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ಬಿದ್ದಿತ್ತು. ಬೀಡು ಕಬ್ಬಿಣ ಹರಿಯಿತು, ಅದರ ಜೊತೆಗೆ ನಷ್ಟವೂ ಹರಿಯಿತು. ಬಿಳಿಯಾನೆ ಸಾಕುತ್ತಿದ್ದೀರಿ ಎಂದು ಆಡಿಕೊಂಡವರಿದ್ದರು. ಕೊನೆಗೆ ವಿಶ್ವೇಶ್ವರಯ್ಯನವರನ್ನೇ ಕರೆಸಿ ಕಾರ್ಖಾನೆಯ ಆಡಳಿತ ಮಂಡಳಿಗೆ ಅಧ್ಯಕ್ಷರನ್ನಾಗಿ ಕೂರಿಸಿದರು. 1929ರವರೆಗೆ ಅವರು ಅದನ್ನು ಎತ್ತಿ ನಿಲ್ಲಿಸುವ ಕೆಲಸ ಮಾಡಿದರು. ಹುಟ್ಟಿಸಿದವರೇ ಬಂದು ಬಾಣಂತನವನ್ನೂ ಮಾಡಬೇಕಾದ ಪ್ರಸಂಗ. ಆದ್ದರಿಂದ ಸಂಸ್ಥಾಪನಾ ದಿನದಂದು ಮೈಸೂರು ಪೇಟದ ಆ ಫೋಟೋಗೆ ಹಾರ ಬೀಳುವುದು ನ್ಯಾಯವೇ. ಮರ ಕಡಿದವರ, ಇದ್ದಲು ಸುಟ್ಟವರ, ಕುಲುಮೆಯ ಬಾಯಿ ಮುಂದೆ ನಿಂತವರ ಫೋಟೋ ಯಾರೂ ತೆಗೆದಿಡಲಿಲ್ಲ. ತೆಗೆದಿದ್ದರೂ ಮಸಿಯಲ್ಲಿ ಮುಖ ಕಾಣುತ್ತಿತ್ತೋ ಇಲ್ಲವೋ.

ನನ್ನ ದೊಡ್ಡಪ್ಪ ಈ ಕಾರ್ಖಾನೆಯಲ್ಲಿದ್ದರು. ಬೇಸಿಗೆ ರಜೆಗೆ ಅವರ ಕ್ವಾರ್ಟರ್ಸಿಗೆ ಹೋದರೆ ನಮಗಿದ್ದ ಮೊದಲ ಶಿಕ್ಷೆ ಎಂದರೆ ಹಗಲು ಹೊತ್ತು ಪಿಸುಮಾತು. ದೊಡ್ಡಪ್ಪನಿಗೆ ನೈಟ್ ಶಿಫ್ಟು. ಬೆಳಿಗ್ಗೆ ಬಂದು, ಸ್ನಾನ ಮಾಡಿ, ಉಪ್ಪಿಟ್ಟು ತಿಂದು, ಕಿಟಕಿಗೆ ದೊಡ್ಡಮ್ಮನ ಹಳೇ ಸೀರೆ ಕಟ್ಟಿ ಮಲಗಿಬಿಡುತ್ತಿದ್ದರು. ಲೋಟ ಕೆಳಗೆ ಬಿದ್ದರೆ ದೊಡ್ಡಮ್ಮ ಲೋಟವನ್ನು ಬಿಟ್ಟು ನಮ್ಮನ್ನು ನೋಡುತ್ತಿದ್ದರು. ಪಕ್ಕದ ಮನೆಯವರಿಗೆ ಸೆಕೆಂಡ್ ಶಿಫ್ಟು, ಎದುರು ಮನೆಯವರಿಗೆ ಫಸ್ಟ್. ಹಾಗಾಗಿ ಆ ಸಾಲಿನಲ್ಲಿ ಯಾವ ಹೊತ್ತಿನಲ್ಲೂ ಯಾರೋ ಒಬ್ಬರು ನಿದ್ದೆಯಲ್ಲಿರುತ್ತಿದ್ದರು, ಯಾರೋ ಒಬ್ಬರು ಊಟದಲ್ಲಿ. ಸೈರನ್ ಕೂಗಿದರೆ ಗಡಿಯಾರವೇ ಮುಂದೋ ಹಿಂದೋ ಎಂದು ತಿದ್ದಿಕೊಳ್ಳಬೇಕಾಗಿತ್ತೇ ಹೊರತು ಸೈರನ್ ತಪ್ಪು ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ.

ರಾತ್ರಿ ಬೇರೆಯದೇ ಲೋಕ. ಕುಲುಮೆಯಿಂದ ಬಂದ ಕಿಟ್ಟವನ್ನು ಗುಡ್ಡದ ಮೇಲಿಂದ ಸುರಿಯುವಾಗ ಆ ಕಡೆಯ ಆಕಾಶವೆಲ್ಲ ಕಿತ್ತಳೆ ಬಣ್ಣಕ್ಕೆ ತಿರುಗುತ್ತಿತ್ತು. ನಾವು ಹುಡುಗರು ಚಾಪೆ ಬಿಟ್ಟು ಓಡಿ ಕಾಂಪೌಂಡ್ ಹತ್ತುತ್ತಿದ್ದೆವು. ಬೆಂಕಿ ಜಾರುತ್ತಾ ಬಂದು, ಅಂಚಿನಲ್ಲಿ ಕೆಂಪಾಗಿ, ನಡುನಡುವೆ ಕಪ್ಪು ಗೆರೆ ಬಿದ್ದು, ನೋಡನೋಡುತ್ತಿದ್ದಂತೆ ಮಂಕಾಗುತ್ತಿತ್ತು. ಊರಿನ ಮಕ್ಕಳು ತಿರುಗಿಯೂ ನೋಡುತ್ತಿರಲಿಲ್ಲ. ‘ಅದೇನು ನೋಡ್ತೀರೋ ಮಾರಾಯ, ದಿನಾ ಸುರೀತಾರೆ’ ಎಂದು ನಮ್ಮನ್ನೇ ಪೆದ್ದರ ಹಾಗೆ ಕಾಣುತ್ತಿದ್ದರು. ಜೋಗದ ಹತ್ತಿರದವರು ಜಲಪಾತದ ಬಗ್ಗೆಯೂ ಹೀಗೇ ಮಾತಾಡುತ್ತಾರೆ.

ಅದೇ ಸಾಲಿನಲ್ಲಿ ತಮಿಳಿನ ಮನೆ, ತೆಲುಗಿನ ಮನೆ, ಮಲಯಾಳದ ಮನೆ, ಉರ್ದುವಿನ ಮನೆ ಎಲ್ಲ ಇದ್ದವು. ಮೊದಲ ಕುಲುಮೆಗೆ ಬೆಂಕಿ ಬಿದ್ದ ದಿನ ದಾಖಲೆಯಲ್ಲಿದೆ. ಹೊರಗಿನಿಂದ ಬಂದ ಮೊದಲ ಸಂಸಾರ ಟ್ರಂಕು, ಒನಕೆ, ಅಜ್ಜಿ ಸಮೇತ ರೈಲಿಳಿದ ದಿನ ಎಲ್ಲೂ ಬರೆದಿಲ್ಲ. ನನ್ನನ್ನು ಕೇಳಿದರೆ ಊರು ಹುಟ್ಟಿದ್ದು ಆ ದಿನ. ಹಾಗೆ ಬಂದು ನೆಲೆಸಿದವರಿಂದಲೇ ಹುತ್ತಾ ಕಾಲೋನಿ, ಜನ್ನಾಪುರ, ನ್ಯೂ ಟೌನು, ಪೇಪರ್ ಟೌನು ತುಂಬಿದ್ದು.

ಕಬ್ಬಿಣದ ಊರಿನಲ್ಲಿ ಹುಟ್ಟಿದ್ದೆಲ್ಲ ಕಬ್ಬಿಣವೇ ಆಗಬೇಕೆಂದಿಲ್ಲ. ಚೆಂಡನ್ನು ಮುಂಗೈ ತಿರುವಿನಲ್ಲೇ ನವಿರಾಗಿ ಬೌಂಡರಿಗೆ ಕಳಿಸುತ್ತಿದ್ದ ಜಿ.ಆರ್. ವಿಶ್ವನಾಥ್ ಹುಟ್ಟಿದ್ದು ಇಲ್ಲೇ, 1949ರಲ್ಲಿ. ಸುತ್ತಲಿನ ಮಲೆನಾಡಿನ ಎಷ್ಟೋ ಅಡಿಕೆ ತೋಟದ ಮನೆಗಳಿಗೆ ಭದ್ರಾವತಿ ಎಂದರೆ ಉಕ್ಕಲ್ಲ, ರೇಡಿಯೋ. ಬೆಳಿಗ್ಗೆ ದೋಸೆ ಹುಯ್ಯುವ ಹೊತ್ತಿಗೆ ‘ಆಕಾಶವಾಣಿ, ಭದ್ರಾವತಿ’ ಎಂಬ ದನಿ ಕೇಳದಿದ್ದರೆ ಎರಡನೇ ದೋಸೆಗೆ ರುಚಿ ಹತ್ತುತ್ತಿರಲಿಲ್ಲ.

ಹೀಗೆ ಬೆಳೆದ ಊರಿಗೆ 2023ರಲ್ಲಿ ನೂರು ತುಂಬಿತು. ವಿಶ್ವೇಶ್ವರಯ್ಯನವರು ನೂರು ದಾಟಿ 1962ರಲ್ಲಿ ತೀರಿಕೊಂಡವರು. ಅವರ ಕೂಸಿಗೂ ಆಯುಸ್ಸು ಗಟ್ಟಿ ಎಂದೇ ಎಲ್ಲರ ನಂಬಿಕೆ. ಅಷ್ಟರಲ್ಲಿ ಕಾರ್ಖಾನೆ ಹಲವು ಹೆಸರು ಬದಲಿಸಿ, 1998ರಲ್ಲಿ ಕೇಂದ್ರದ ಉಕ್ಕು ಪ್ರಾಧಿಕಾರದೊಳಗೇ ವಿಲೀನವಾಗಿತ್ತು. ಶತಮಾನದ ಹುಟ್ಟುಹಬ್ಬ ಬರಬೇಕಾದ ಜನವರಿಯಲ್ಲೇ ಬಂದದ್ದು ಮುಚ್ಚುವ ಸುದ್ದಿ. ಪಂಚಾಂಗ ನೋಡುವ ಅಭ್ಯಾಸವಿದ್ದವರು ಯಾರೂ ಆ ತಿಂಗಳನ್ನು ಆರಿಸುತ್ತಿರಲಿಲ್ಲ. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಪೆಂಡಾಲ್ ಹಾಕಿ ಕೂತರು. ಪೆಂಡಾಲ್ ಹಬ್ಬದ್ದೋ ಧರಣಿಯದೋ ಎಂದು ದೂರದಿಂದ ಹೇಳುವುದು ಕಷ್ಟ. ಶಾಮಿಯಾನದವನಿಗೆ ಎರಡೂ ಒಂದೇ ಬಾಡಿಗೆ. ವರ್ಷ ಮುಗಿಯುವುದರೊಳಗೆ ಬಾರ್ ಮಿಲ್ ಮತ್ತೆ ಓಡಿತು, ಶತಮಾನೋತ್ಸವವೂ ನಡೆಯಿತು. ಜನ್ನಾಪುರದ ನಿವೃತ್ತರೊಬ್ಬರು ಇದಕ್ಕೆ ಕೊಟ್ಟ ವಿವರಣೆ ನನಗೆ ಬಹಳ ಹಿಡಿಸಿತು: ‘ನಮ್ಮ ವಿಶಿ ಕಾನ್ಪುರದಲ್ಲಿ ಮೊದಲ ಟೆಸ್ಟ್ ಆಡಿದಾಗ ಏನ್ ಹೊಡೆದ? ಮೊದಲ ಇನ್ನಿಂಗ್ಸಲ್ಲಿ ಸೊನ್ನೆ. ಎರಡನೇದರಲ್ಲಿ 137. ಈ ಊರಿನವರದ್ದು ಎಲ್ಲಾ ಹಾಗೇನೇ.’

ಅವರ ಜೊತೆ ಕೂತಿದ್ದವರು ಕಾಗದ ಕಾರ್ಖಾನೆಯವರು. ಮೈಸೂರು ಪೇಪರ್ ಮಿಲ್ಸ್ ಶುರುವಾದದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1936ರಲ್ಲಿ. ನಾಡಿನ ಪತ್ರಿಕೆಗಳಿಗೆ ಕಾಗದ ಕೊಟ್ಟ ಕಾರ್ಖಾನೆ ಅದು. ಯಂತ್ರ ನಿಂತು ಎಷ್ಟೋ ವರ್ಷವಾಯಿತು. ಎರಡನೇ ಇನ್ನಿಂಗ್ಸಿನ ಮಾತು ಕೇಳಿದ್ದೇ ಅವರೂ ಚುರುಕಾಗಿ, 2036ಕ್ಕೆ ತಮಗೂ ನೂರು ತುಂಬುತ್ತದೆ, ಸಮಿತಿಯನ್ನು ಈಗಲೇ ಮಾಡಿಬಿಡಬೇಕು ಎಂದರು. ಸ್ವಾಗತ ಯಾರದು, ವಂದನಾರ್ಪಣೆ ಯಾರದು ಎಂದು ಚರ್ಚೆಯೂ ಶುರುವಾಯಿತು. ‘ಮೊದಲು ಮಿಲ್ ಓಡಬೇಕಲ್ಲ, ಸಾರ್’ ಎಂದೆ.

‘ಮಿಲ್ ಓಡಿಸೋದು ಸರ್ಕಾರದ ಕೆಲಸ ಕಣಪ್ಪ,’ ಅಂದರು. ‘ಶತಮಾನೋತ್ಸವ ನಮ್ಮದು. ನೀನು ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡ್ತೀಯೋ, ಇಲ್ವೋ, ಅಷ್ಟು ಹೇಳು.’