ಮಾವನವರ ಮೊಳೆ

ಅಮೆರಿಕದ ಮನೆಗೋಡೆ ತಟ್ಟಿದರೆ ಡಬಡಬ ಎನ್ನುತ್ತದೆ. ಒಳಗೆ ಸಾಮಾನ್ಯವಾಗಿ 16 ಇಂಚಿಗೊಂದರಂತೆ ಮರದ ಕಂಬ, ಮೇಲೆ ಜಿಪ್ಸಮ್ ಹಲಗೆಯ ಹೊದಿಕೆ. ಕರೆಂಟಿನ ಕೇಬಲ್ ಕಂಬಗಳ ತೂತಿನಲ್ಲಿ ಹಾಯುತ್ತದೆ. ತೂತು ಅಂಚಿನಿಂದ 1¼ ಇಂಚಾದರೂ ಒಳಗಿರಬೇಕು. ಜಾಗ ಸಾಲದಿದ್ದರೆ ಕಂಬದ ಮುಖಕ್ಕೆ ಉಕ್ಕಿನ ತಗಡು ಹೊಡೆಯಬೇಕೆಂದು ಅಲ್ಲಿನ ವಿದ್ಯುತ್ ನಿಯಮ.

ಇಷ್ಟೆಲ್ಲ ಕಟ್ಟುಪಾಡು ಯಾರಿಗೆ ಹೆದರಿ ಅಂತೀರಿ? ಊರಿಂದ ಬಂದಿಳಿಯುವ ಮಾವನವರಿಗೆ! ವೆಂಕಟರಮಣನ ಪಟಕ್ಕೆಂದು ಅವರು ಸುತ್ತಿಗೆ ಹಿಡಿದರೆ ತಡೆಯುವವರುಂಟೇ? ಭಾರದ ಪಟಕ್ಕೆ ಕಂಬವೇ ಗತಿ. ಕೇಬಲ್ಲಿನ ದಾರಿಯೂ ಅದೇ. ತಗಡಿದ್ದರೆ ಸೊಟ್ಟಗಾಗುವುದು ಮೊಳೆ ಮಾತ್ರ.

ಆದ್ದರಿಂದ ಅಲ್ಲಿರುವ ಅಳಿಯಂದಿರೇ, ಕೆಲಸಕ್ಕೆ ಮುನ್ನ ಮೈನ್ ಆಫ್ ಮಾಡಿ, ಗೋಡೆ ಮುಚ್ಚುವ ಮುನ್ನ ತಗಡು ಹೊಡೆಯಿರಿ. ಮಾವನವರಿಗೆ ನಿಯಮ ಹೇಳುವುದಕ್ಕಿಂತ ಅದು ಸುಲಭ.