ಯಜಮಾನರ ಜಾಗಕ್ಕೆ ಎಐ

ಕೃತಕ ಬುದ್ಧಿಮತ್ತೆ ಬಂದ ಮೇಲೆ ಯಾರ್ಯಾರ ಕೆಲಸ ಹೋಗುತ್ತದೆ ಅಂತ ಪೇಪರಿನವರು ವಾರಕ್ಕೊಂದು ಪಟ್ಟಿ ಹಾಕುತ್ತಾರೆ. ಕಾಲ್ ಸೆಂಟರಿನವರು, ಅನುವಾದಕರು, ಕೋಡ್ ಬರೆಯುವವರು, ಲೆಕ್ಕ ಬರೆಯುವವರು. ಯಾವ ಪಟ್ಟಿಯಲ್ಲೂ ‘ಮನೆಯ ಯಜಮಾನರು’ ಅನ್ನುವ ವರ್ಗ ನನಗೆ ಕಾಣಲಿಲ್ಲ. ಆದರೆ ಚನ್ನಗಿರಿಯ ನಮ್ಮ ಬೀದಿಯಲ್ಲಿ ಮೊದಲು ಬಿದ್ದ ವಿಕೆಟ್ ನನ್ನದೇ.

ಕೇಳಿದ್ದಕ್ಕೆಲ್ಲ ಉತ್ತರ ಕೊಡುವುದು ನನ್ನ ಕೆಲಸವಾಗಿತ್ತು. ಗೊತ್ತಿದ್ದರೆ ಕೊಡುತ್ತಿದ್ದೆ, ಗೊತ್ತಿಲ್ಲದಿದ್ದರೆ ಇನ್ನೂ ಸ್ವಲ್ಪ ಗಟ್ಟಿಯಾಗಿ ಕೊಡುತ್ತಿದ್ದೆ. ತಾಲ್ಲೂಕು ಕಚೇರಿಯ ಗುಮಾಸ್ತಗಿರಿಯಲ್ಲಿ ಸವೆದವನ ಬಾಯಲ್ಲಿ ‘ಗೊತ್ತಿಲ್ಲ’ ಅನ್ನುವುದು ಹೊರಡುವುದಿಲ್ಲ, ‘ನಾಳೆ ಬನ್ನಿ’ ಹೊರಡುತ್ತದೆ. ಈಗ ಮನೆಯಲ್ಲಿ ಯಾರಿಗೆ ಏನು ಅನುಮಾನ ಬಂದರೂ ಫೋನನ್ನು ಕೇಳುತ್ತಾರೆ. ಅದೂ ನನ್ನ ಹಾಗೆಯೇ ಗೊತ್ತಿಲ್ಲದ್ದನ್ನು ಗೊತ್ತಿರುವವರ ಧಾಟಿಯಲ್ಲಿ ಹೇಳುತ್ತದೆ. ಆದರೆ ರೇಗುವುದಿಲ್ಲ, ಮಧ್ಯದಲ್ಲಿ ಕಾಫಿ ಕೇಳುವುದಿಲ್ಲ.

ನಮ್ಮ ಸಂಸಾರ ಹಬ್ಬಿರುವುದು ನಾಲ್ಕು ಊರಿಗೆ. ನಾನು ಹುಟ್ಟಿದ್ದು ಹೊನ್ನಾಳಿ, ಮನೆ ಕಟ್ಟಿದ್ದು ಚನ್ನಗಿರಿ, ಹೆಣ್ಣು ತಂದದ್ದು ಜಗಳೂರಿನಿಂದ, ಮಗಳನ್ನು ಕೊಟ್ಟದ್ದು ನ್ಯಾಮತಿಗೆ. (ಜಗಳೂರಿನ ಹೆಸರಿನ ಮೇಲೆ ಜೋಕು ಮಾಡುವುದನ್ನು ಮದುವೆಯಾದ ಮಾರನೇ ದಿನವೇ ನಿಲ್ಲಿಸಿದ್ದೇನೆ.) ಆಗ ನಾವು ಶಿವಮೊಗ್ಗ ಜಿಲ್ಲೆ, ಜಗಳೂರಿನವರು ಚಿತ್ರದುರ್ಗ ಜಿಲ್ಲೆ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾಗಿ ಎರಡೂ ಕಡೆಯವರು ಒಂದೇ ಜಿಲ್ಲಾಧಿಕಾರಿಗಳ ಕೆಳಗೆ ಬಂದೆವು. ಮುಖ್ಯಮಂತ್ರಿಯಾಗಿದ್ದವರು ನಮ್ಮ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು. ಅದೇ ವರ್ಷದ ಮೇ ತಿಂಗಳಲ್ಲಿ ಐಬಿಎಂನ ಡೀಪ್ ಬ್ಲೂ ಎಂಬ ಕಂಪ್ಯೂಟರ್ ಚೆಸ್ ಚಾಂಪಿಯನ್ ಕ್ಯಾಸ್ಪರೋವ್‌ನನ್ನು ಸೋಲಿಸಿತ್ತು. ನಮಗೆ ಅದರ ಪರಿವೆ ಎಲ್ಲಿ? ನಾವು ಅಚ್ಚಾದ ಫಾರಂಗಳ ತಲೆಬರಹದಲ್ಲಿ ‘ಶಿವಮೊಗ್ಗ’ ಹೊಡೆದು ಮೇಲೆ ‘ದಾವಣಗೆರೆ’ ಅಂತ ಕೈಯಲ್ಲಿ ಬರೆಯುತ್ತ ಕೂತಿದ್ದೆವು.

ಯಜಮಾನಿಕೆಯ ಹುದ್ದೆ ಹೋದ ದುಃಖದಲ್ಲಿರುವಾಗ ಹೊನ್ನಾಳಿಯ ಹಳೇ ಗೆಳೆಯರೊಬ್ಬರು ಫೋನ್ ಮಾಡಿ, ನಿವೃತ್ತ ನೌಕರರ ಕೂಟದಲ್ಲಿ ‘ಕೃತಕ ಬುದ್ಧಿಮತ್ತೆ: ಪರಿಚಯ, ಸಾಮರ್ಥ್ಯ, ನೈತಿಕತೆ’ ಅಂತ ಮಾತಾಡಬೇಕು ಅಂದರು. ನನ್ನನ್ನೇ ಯಾಕೆ ಅಂದೆ. “ನಿಮ್ಮ ಮಗಳು ಕಂಪ್ಯೂಟರ್ ಸೈನ್ಸ್ ಓದಿದಾಳಲ್ರೀ” ಅಂದರು. ವಿದ್ಯೆ ಮಕ್ಕಳಿಂದ ತಂದೆಗೆ ಹಿಮ್ಮುಖವಾಗಿ ಹರಿಯುತ್ತದೆ ಎಂಬ ನಂಬಿಕೆಗೆ ಭಂಗ ತರಬಾರದು ಅಂತ ಒಪ್ಪಿಕೊಂಡೆ.

ತಾಲೀಮು ಅಡುಗೆಮನೆಯಲ್ಲಿ ನಡೆಯಿತು. ಶ್ರೋತೃವರ್ಗ ಅವರೆಕಾಯಿ ಬಿಡಿಸುತ್ತಿತ್ತು.

“1956ರ ಬೇಸಿಗೆಯಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಮೆಕಾರ್ಥಿ ಮೊದಲಾದವರು ಸೇರಿದರು. ಕೃತಕ ಬುದ್ಧಿಮತ್ತೆ ಅಂತ ಹೆಸರಿಟ್ಟವರೇ ಅವರು. ಹತ್ತು ಜನ ಎರಡು ತಿಂಗಳು ಕೂತರೆ ಯಂತ್ರಕ್ಕೆ ಬುದ್ಧಿ ಕಲಿಸುವುದರಲ್ಲಿ ದೊಡ್ಡ ಹೆಜ್ಜೆ ಇಡಬಹುದು ಅಂತ ಅವರ ಲೆಕ್ಕ.”

“ನೀವೂ ಒಂದು ಭಾನುವಾರದಾಗೆ ಅಟ್ಟ ಖಾಲಿ ಮಾಡ್ತೀನಿ ಅಂದಿದ್ರಿ” ಅಂದಳು ನನ್ನಾಕೆ.

ಮುಂದಿನ ಪುಟಕ್ಕೆ ಹೋದೆ. 1966ರಲ್ಲಿ ಎಂಐಟಿಯ ಜೋಸೆಫ್ ವೈಝೆನ್‌ಬಾಮ್ ‘ಎಲೈಜಾ’ ಎಂಬ ಪ್ರೋಗ್ರಾಂ ಅನ್ನು ಲೋಕಕ್ಕೆ ಪರಿಚಯಿಸಿದ. ಮಾತಾಡಿಸಿದರೆ ಮಾತಾಡುತ್ತಿತ್ತು. ಒಳಗೆ ಬುದ್ಧಿ ಗಿದ್ಧಿ ಏನೂ ಇಲ್ಲ. ನೀವು ಹೇಳಿದ್ದನ್ನೇ ಸ್ವಲ್ಪ ತಿರುಗಿಸಿ ಪ್ರಶ್ನೆ ಮಾಡಿ ನಿಮಗೇ ವಾಪಸು ಕೊಡುತ್ತಿತ್ತು. ನನಗೆ ಬೇಜಾರಾಗಿದೆ ಅಂದರೆ, ನಿಮಗೆ ಬೇಜಾರಾಗಿದೆಯೇ ಅನ್ನುವುದು. ಅದು ಬರೀ ಪ್ರೋಗ್ರಾಂ ಅಂತ ಗೊತ್ತಿದ್ದ ಅವನ ಸೆಕ್ರೆಟರಿಯೇ ಅದರ ಜೊತೆ ಮಾತಿಗೆ ಕೂತು, ನೀವು ಸ್ವಲ್ಪ ಹೊರಗೆ ಹೋಗಿ ಅಂತ ವೈಝೆನ್‌ಬಾಮ್‌ನಿಗೇ ಹೇಳಿದಳಂತೆ.

ಇದನ್ನು ಹೇಳುವಾಗ ಅವರೆಕಾಯಿ ಬಿಡಿಸುವ ಕೈ ನಿಂತಿತು. “ಗ್ಯಾಸ್ ಮುಗೀತು ಅಂದ್ರೆ ‘ಗ್ಯಾಸ್ ಮುಗೀತಾ?’ ಅನ್ನೋದು. ಮಗೂಗೆ ಜ್ವರ ಅಂದ್ರೆ ‘ಜ್ವರಾನಾ?’ ಅನ್ನೋದು. ಪೇಪರಿಂದ ತಲೆ ಎತ್ತದೆ. ಇದಕ್ಕೆ ಅಮೆರಿಕದಾಗೆ ಪ್ರೋಗ್ರಾಂ ಬೇರೆ ಬರೆದ್ರಾ?” ಅಂದಳು. ಆಮೇಲೆ, “ಆಯಮ್ಮ ಹೊರಗೆ ಕಳಿಸಿದ್ದು ಮೇಷ್ಟ್ರನ್ನ, ಮಿಷಿನ್ನನ್ನ ಅಲ್ಲ. ನಮ್ಮನೇಲಿ ಎರಡೂ ಒಂದೇ ಆಗಿರೋದ್ರಿಂದ ಕಷ್ಟ” ಅಂದು, ಉಪ್ಪು ತರುವ ನೆಪದಲ್ಲಿ ನನ್ನನ್ನೇ ಅಂಗಡಿಗೆ ಕಳಿಸಿದಳು.

ಉಪ್ಪು ತಂದು ಇಂದಿನ ಕಾಲಕ್ಕೆ ಬಂದೆ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂತಲ್ಲ, ಆ ಜಾತಿಯ ಯಂತ್ರಗಳು ರಾಶಿ ರಾಶಿ ಬರಹ ಓದಿರುತ್ತವೆ. ಇಂಥ ಮಾತಿನ ನಂತರ ಎಂಥ ಮಾತು ಬರುವ ಸಂಭವ ಹೆಚ್ಚು ಅನ್ನುವುದನ್ನು ಲೆಕ್ಕ ಹಾಕಿ, ಚೂರು ಚೂರಾಗಿ ಮುಂದಿನ ಪದ ಜೋಡಿಸುತ್ತವೆ. ಇದು ಅರ್ಥವಾಗಲು ಜಗಳೂರಿನ ನನ್ನ ಭಾವಮೈದನನ್ನು ನೋಡಬೇಕು. ಯಾರಿಗೂ ವಾಕ್ಯ ಮುಗಿಸಲು ಬಿಟ್ಟವನಲ್ಲ. “ನಿನ್ನೆ ದಾವಣಗೆರೆಗೆ ಹೋಗಿದ್ದೆ...” ಅನ್ನುವಷ್ಟರಲ್ಲಿ “ಬೆಣ್ಣೆದೋಸೆ ತಿಂದ್ರಿ!” ಅನ್ನುತ್ತಾನೆ. ದಾವಣಗೆರೆಗೆ ಹೋದವರು ಸಾಮಾನ್ಯವಾಗಿ ತಿಂದೇ ಇರುತ್ತಾರೆ, ಹಾಗಾಗಿ ಅವನಿಗೆ ಊರಲ್ಲಿ ಭಾರೀ ಬುದ್ಧಿವಂತ ಅಂತ ಹೆಸರು. ನಾನು ಹೋಗಿದ್ದು ದವಡೆ ಹಲ್ಲು ಕೀಳಿಸಲಿಕ್ಕೆ. ಊದಿದ ಕೆನ್ನೆ ತೋರಿಸಿದರೂ ಅವನು, “ಮತ್ತೆ ಆಲೂಗಡ್ಡೆ ಪಲ್ಯ ಹೆಂಗಿತ್ತು?” ಅಂದ.

ಸಾಮರ್ಥ್ಯದ ಅಧ್ಯಾಯವನ್ನು ಉದ್ಘಾಟಿಸಿದವರು ನ್ಯಾಮತಿಯ ಬೀಗರು. ಅವರ ತೋಟದಲ್ಲಿ ಅಡಿಕೆ ಕಾಯಿ ಕೊಳೆತು ಉದುರುತ್ತಿತ್ತು. ಪ್ರತಿ ಮಳೆಗಾಲ ನನ್ನನ್ನು ಕೇಳುತ್ತಿದ್ದರು, “ಬೋರ್ಡೋ ಹೊಡೀರಿ” ಅನ್ನುತ್ತಿದ್ದೆ. ಪ್ರಮಾಣ ಎಷ್ಟು ಅಂದರೆ “ನೋಡ್ಕೊಂಡು ಹಾಕಿ” ಅನ್ನುತ್ತಿದ್ದೆ. ಈ ಸಲ ನಮ್ಮ ಪಡಸಾಲೆಯಲ್ಲಿ ಕೂತು ಕೊಳೆತ ಕಾಯಿಯ ಫೋಟೋವನ್ನು ಫೋನಿಗೆ ತೋರಿಸಿದರು. ಇದು ಕೊಳೆರೋಗ ಇರಬಹುದು. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ, ಸುಣ್ಣದ ನೀರಿಗೆ ಮೈಲುತುತ್ತದ ನೀರು ಹುಯ್ಯುತ್ತ ಕಲಕಿ. ಮಳೆ ಶುರುವಾಗುವ ಮೊದಲೇ ಹೊಡೆಯಬೇಕಿತ್ತು. ಹತ್ತಿರದ ತೋಟಗಾರಿಕೆ ಇಲಾಖೆಯವರನ್ನೂ ಒಮ್ಮೆ ಕೇಳಿ ಅಂತ ಬಂತು. ಅಷ್ಟೂ ಸರಿಯೇ. ಬೀಗರು ನನ್ನ ಕಡೆ ನೋಡಿದ ನೋಟದಲ್ಲಿ ಹಿಂದಿನ ಮಳೆಗಾಲಗಳೆಲ್ಲ ಇದ್ದವು.

ನನ್ನ ಮಾನ ಉಳಿಸಿದ್ದು ಅವರ ಎರಡನೇ ಪ್ರಶ್ನೆ. ಹುಮ್ಮಸ್ಸಿನಲ್ಲಿ “ಚನ್ನಗಿರೀಲಿ ಇವತ್ತು ರಾಶಿ ರೇಟು ಎಷ್ಟು?” ಅಂತ ಕೇಳಿಬಿಟ್ಟರು. ಫೋನು ತಡಬಡಾಯಿಸಲಿಲ್ಲ; ರೂಪಾಯಿ ಲೆಕ್ಕ ಸಮೇತ ಒಂದು ರೇಟು ಹೇಳಿತು. ಅದು ಯಾವ ಕಾಲದ್ದೋ. ಚನ್ನಗಿರಿಯಲ್ಲಿ ಒಬ್ಬನ ವಯಸ್ಸನ್ನು ತಪ್ಪು ಹೇಳಬಹುದು, ರಾಶಿ ಅಡಿಕೆಯ ರೇಟನ್ನು ತಪ್ಪು ಹೇಳಿ ಊರೊಳಗೆ ಓಡಾಡುವುದು ಕಷ್ಟ. ಓದಿದ್ದು ಯಾವ ದಿನಕ್ಕೆ ನಿಂತಿದೆಯೋ ಅಲ್ಲಿಗೇ ಅದರ ಲೋಕಜ್ಞಾನವೂ ನಿಲ್ಲುತ್ತದೆ, ಇಂಟರ್ನೆಟ್ಟಿನಲ್ಲಿ ಹುಡುಕಿ ನೋಡಿದರೆ ಮಾತ್ರ ಇವತ್ತಿನದು ಸಿಗುತ್ತದೆ ಅಂತ ನಾನು ವಿವರಿಸುತ್ತಿದ್ದೆ. ಅಷ್ಟರಲ್ಲಿ ಅದು ‘ಶಿವಮೊಗ್ಗ ಜಿಲ್ಲೆಯ ನ್ಯಾಮತಿ’ ಅಂದಿತು. ಫಾರಂ ಮೇಲೆ ಕೈಯಲ್ಲಿ ತಿದ್ದುವ ಗುಮಾಸ್ತ ಅದರೊಳಗೆ ಇರಲಿಲ್ಲ ಅಂತ ಕಾಣುತ್ತದೆ. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತನ್ನದೇ ತಾಲ್ಲೂಕಾದದ್ದೂ ಅದಕ್ಕೆ ಮುಟ್ಟಿರಲಿಲ್ಲ. “ಹಂಗಾದ್ರೆ ಇಷ್ಟು ವರ್ಷ ನಾವು ಅರ್ಜಿ ಹಿಡ್ಕೊಂಡು ದಾವಣಗೆರೆಗೆ ಅಲೆದಿದ್ದು ಯಾಕ್ರೀ ಬೀಗ್ರೆ?” ಅಂದರು ಅವರು, ಯಂತ್ರದ ತಪ್ಪಿಗೆ ನಾನೇ ಜವಾಬ್ದಾರ ಅನ್ನುವ ಹಾಗೆ.

ಹೀಗೆ ನೈತಿಕತೆಯ ಅಧ್ಯಾಯಕ್ಕೆ ಬಂದೆವು.

ಪಕ್ಷಪಾತದಿಂದ ಶುರು ಮಾಡಿದೆ. ನನ್ನ ಫೋನು ಫೋಟೋಗಳನ್ನು ಮುಖ ನೋಡಿ ವಿಂಗಡಿಸುತ್ತದೆ. ಮೀಸೆಗೆ ಬಣ್ಣ ಹಾಕಿದ ನನ್ನನ್ನೂ ಹಾಕದ ನನ್ನನ್ನೂ ಇಬ್ಬರು ಬೇರೆ ಬೇರೆ ಮನುಷ್ಯರು ಅಂತ ಇಟ್ಟಿದೆ. (“ನನಗೂ ಹಂಗೇ ಅನ್ಸೋದು” ಎಂದಳು ನನ್ನಾಕೆ.) ಇದು ನಗೆಯ ಮಾತು. ಆದರೆ 2018ರಲ್ಲಿ ಜಾಯ್ ಬುಲಾಮ್‌ವಿನಿ, ಟಿಮ್ನಿಟ್ ಗೆಬ್ರು ಎಂಬ ಇಬ್ಬರು ಸಂಶೋಧಕಿಯರು ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ಸಾಫ್ಟ್‌ವೇರುಗಳನ್ನು ಪರೀಕ್ಷಿಸಿದರು. ಬಿಳಿಯ ಗಂಡಸರ ವಿಷಯದಲ್ಲಿ ತಪ್ಪು ಶೇಕಡಾ 1ನ್ನೂ ಮುಟ್ಟಲಿಲ್ಲ; ಕಪ್ಪು ಹೆಂಗಸರ ವಿಷಯದಲ್ಲಿ ಒಂದು ಸಾಫ್ಟ್‌ವೇರ್ ಶೇಕಡಾ 34.7ರಷ್ಟು ತಪ್ಪಿತು. ಇಂಥವನ್ನು ತರಬೇತು ಮಾಡಿದ ಫೋಟೋಗಳಲ್ಲಿ ಬಿಳಿಯರೇ ಜಾಸ್ತಿ ಇದ್ದರು. ಉಂಡದ್ದೇ ತೇಗುತ್ತದೆ.

ಭಾಷೆಯಲ್ಲೂ ಇದೇ ಪಂಕ್ತಿಭೇದ. ಇಂಗ್ಲಿಷ್ ಬರಹಕ್ಕೆ ಲೆಕ್ಕವಿಲ್ಲ, ಕನ್ನಡದ್ದು ಚೂರು. 1967ರಲ್ಲಿ ಲೋಕಸಭೆಗೆ ಹೋದ ಪಟೇಲರು ಅಲ್ಲಿ ಎದ್ದು ನಿಂತು ಕನ್ನಡದಲ್ಲಿ ಮಾತಾಡಿದರು, ಅಲ್ಲಿ ಹಾಗೆ ಮಾತಾಡಿದವರಲ್ಲಿ ಅವರೇ ಮೊದಲಿಗರು. ಯಂತ್ರದ ಸಭೆಯಲ್ಲಿ ಎದ್ದು ನಿಲ್ಲಲು ಪಟೇಲರಂಥ ಒಬ್ಬರು ಸಾಲದು, ಸಾವಿರಾರು ಜನರ ದನಿ ಬೇಕು. ಬೆಂಗಳೂರಿನ ಕಾರ್ಯ ಎಂಬ ಸಂಸ್ಥೆ ಹಳ್ಳಿಯವರಿಂದ ಕನ್ನಡ ವಾಕ್ಯಗಳನ್ನು ಓದಿಸಿ ದಾಖಲಿಸಿಕೊಂಡು ಗಂಟೆಗೆ ಸುಮಾರು 5 ಡಾಲರ್ ಕೊಟ್ಟಿದೆ. ಹೊನ್ನಾಳಿ ಕನ್ನಡದಲ್ಲಿ ನಾನೂ ಓದಬಹುದಲ್ಲ ಅಂದೆ. “ಕೇಳಿಸ್ಕೊಂಡೋರಿಗೆ ಗಂಟೆಗೆ ಎಷ್ಟು ಕೊಡ್ತಾರಂತೆ ವಿಚಾರಿಸಿ” ಎಂಬ ಉತ್ತರ ಒಲೆಯ ಕಡೆಯಿಂದ ಬಂತು.

ಇಷ್ಟಾದರೂ ನನಗೆ ಮುಖ್ಯ ಅನ್ನಿಸುವುದು ಇನ್ನೊಂದು: ತಪ್ಪಾದರೆ ಹೊಣೆ ಯಾರದು? 2025ರ ಜುಲೈನಲ್ಲಿ ನಟಿ ಬಿ. ಸರೋಜಾದೇವಿ ತೀರಿಕೊಂಡರು. ಆಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರು ಅಂತಿಮ ದರ್ಶನ ಪಡೆದ ಸುದ್ದಿ ಫೇಸ್‌ಬುಕ್‌ನಲ್ಲಿ ಕನ್ನಡದಲ್ಲಿ ಬಂತು. ಯಂತ್ರ ಮಾಡಿದ ಇಂಗ್ಲಿಷ್ ಅನುವಾದದಲ್ಲಿ ಸಿದ್ದರಾಮಯ್ಯನವರೇ ತೀರಿಹೋಗಿದ್ದರು. ಸರಿಯಾಗುವ ತನಕ ಕನ್ನಡದ ಅನುವಾದ ನಿಲ್ಲಿಸಿ ಅಂತ ಮುಖ್ಯಮಂತ್ರಿಗಳ ಕಡೆಯಿಂದ ಪತ್ರ ಹೋಯಿತು, ಮೆಟಾ ಕಂಪನಿ ಕ್ಷಮೆ ಕೇಳಿತು. ಕ್ಷಮೆ ಕೇಳಿದ್ದು ಕಂಪನಿಯ ಮನುಷ್ಯರು, ಸಾಯಿಸಿದ ಯಂತ್ರವಲ್ಲ. 2023ರಲ್ಲಿ ನ್ಯೂಯಾರ್ಕಿನ ವಕೀಲರು ಚಾಟ್‌ಜಿಪಿಟಿ ಹುಟ್ಟಿಸಿ ಕೊಟ್ಟ ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಹಾಕಿದಾಗಲೂ 5,000 ಡಾಲರ್ ದಂಡ ಬಿದ್ದದ್ದು ವಕೀಲರಿಗೆ. ನಾನು ತಪ್ಪು ಹೇಳಿದರೆ ರಾತ್ರಿ ಅದೇ ಮನೆಯಲ್ಲಿ ಉಣ್ಣಬೇಕು. ಸಾರು ನೀರಾಗಿರುತ್ತದೆ, ರೊಟ್ಟಿ ಒಣಗಿರುತ್ತದೆ, ಯಾಕೆ ಅಂತ ಕೇಳುವ ಹಾಗಿಲ್ಲ. ಯಂತ್ರಕ್ಕೆ ಉಣ್ಣುವ ಭಯವಿಲ್ಲ. ಈ ವಾದ ನನಗೆ ಬಹಳ ಹಿಡಿಸಿತು, ಭಾಷಣದಲ್ಲಿ ಸೇರಿಸೋಣ ಅಂದುಕೊಂಡೆ. ಆದರೆ ಬರೆಯಲು ಕೂತರೆ ಸೋಮಾರಿತನ. ಫೋನಿಗೇ ಬರೆಯಲು ಹೇಳಿ, ಬಂದದ್ದನ್ನು ದುಂಡಗೆ ಕೈಬರಹದಲ್ಲಿ ನಕಲು ಮಾಡಿಕೊಂಡೆ. ಕೈಬರಹದಲ್ಲಿದ್ದರೆ ಸ್ವಂತದ್ದು ಅನ್ನುವುದು ನಮ್ಮ ಇಲಾಖೆಯ ಹಳೇ ಪದ್ಧತಿ.

ಹೊನ್ನಾಳಿಯ ಸಭೆ ತುಂಬಿತ್ತು. ಕೊನೆಯಲ್ಲಿ ಮಂಡಕ್ಕಿ ಮೆಣಸಿನಕಾಯಿ ಉಂಟು ಅಂತ ಆಮಂತ್ರಣದಲ್ಲೇ ಹಾಕಿದ್ದರು. ಸ್ವಾಗತ ಕೋರುವವರು ಎದ್ದು, “ಇಂದಿನ ವೇಗದ ಡಿಜಿಟಲ್ ಯುಗದಲ್ಲಿ ಕೃತಕ ಬುದ್ಧಿಮತ್ತೆಯು ಎರಡು ಅಲುಗಿನ ಕತ್ತಿಯಾಗಿದೆ” ಅಂದರು. ನನ್ನ ಹಾಳೆಯ ಮೊದಲ ಸಾಲು ಅದೇ. ಪರವಾಗಿಲ್ಲ, ಎರಡನೇ ಸಾಲಿನಿಂದ ಶುರು ಮಾಡೋಣ ಅಂದುಕೊಂಡೆ. ಉದ್ಘಾಟಕರು ಜಗಳೂರಿನಿಂದ ಬಂದಿದ್ದರು. ಅವರೂ ಜೇಬಿನಿಂದ ಹಾಳೆ ತೆಗೆದು “ಇಂದಿನ ವೇಗದ ಡಿಜಿಟಲ್ ಯುಗದಲ್ಲಿ...” ಎಂದು ಕತ್ತಿ ಝಳಪಿಸಿ, ನನ್ನ ಎರಡನೇ ಪುಟದ ತನಕ ಕೊಯ್ದುಕೊಂಡು ಹೋದರು. ಒಂದೇ ಯಂತ್ರವನ್ನು ಒಂದೇ ಪ್ರಶ್ನೆ ಕೇಳಿದವರಿಗೆ ಹೆಚ್ಚುಕಡಿಮೆ ಒಂದೇ ಉತ್ತರ ಬರುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪ್ರಾತ್ಯಕ್ಷಿಕೆ ಯಾವ ಕಾಲೇಜಿನಲ್ಲೂ ಸಿಗಲಾರದು.

ಹಾಳೆ ಮಡಚಿಟ್ಟು ಎದ್ದೆ. ಗ್ಯಾಸು, ಬೆಣ್ಣೆದೋಸೆ, ಬೀಗರು, ಮೀಸೆ ಎಲ್ಲವನ್ನೂ ಬಾಯಿಗೆ ಬಂದ ಹಾಗೆ ಹೇಳಿದೆ. ಮೂರನೇ ಸಾಲಿನಲ್ಲಿ ಕೂತಿದ್ದ ನನ್ನಾಕೆ ಅಲ್ಲಿಂದಲೇ ಇಸವಿಗಳನ್ನು ತಿದ್ದುತ್ತಿದ್ದಳು. ಅವರೆಕಾಯಿ ಬಿಡಿಸುವಾಗ ಅಷ್ಟನ್ನೂ ಕೇಳಿಸಿಕೊಂಡಿದ್ದಾಳೆ ಅಂತ ಆಗಲೇ ಗೊತ್ತಾದದ್ದು.

ಹಿರಿಯರೊಬ್ಬರು ಎದ್ದರು. “ಮಕ್ಕಳು ಮರಿ ದನೀನೇ ಕದ್ದು ಫೋನ್ ಮಾಡಿ ದುಡ್ಡು ಕೇಳ್ತಾರಂತಲ್ಲ ಸ್ವಾಮಿ, ಅದಕ್ಕೇನು ಮಾಡೋದು?” ಸ್ವಲ್ಪ ಹೊತ್ತಿನ ದನಿ ಸಿಕ್ಕರೂ ಅದೇ ಥರ ಮಾತಾಡಿಸಬಹುದು ನಿಜ, ಗಾಬರಿಯಾಗಬೇಡಿ, ಫೋನ್ ಕಟ್ ಮಾಡಿ ನಿಮ್ಮ ಹತ್ತಿರ ಇರುವ ನಂಬರಿಗೆ ನೀವೇ ಮಾಡಿ, ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ದೂರು ಕೊಡಿ, ಮನೆಯವರಿಗಷ್ಟೇ ಗೊತ್ತಿರುವ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಿ ಅಂದೆ.

“ನಿಮ್ಮನೇಲಿ ಇಟ್ಕಂಡಿದೀರಾ?”

ಇಟ್ಟುಕೊಂಡಿದ್ದೆವು. ಅಳಿಯನೇ ಆರಿಸಿ ಕೊಟ್ಟಿದ್ದ. ಎಲ್ಲರಿಗೂ ನೆನಪಿರಲಿ ಅಂತ ನಾನು ಅದನ್ನು ವಾಟ್ಸಾಪ್ ಗ್ರೂಪಿಗೆ ಹಾಕಿದ್ದೆ. ಆ ಗ್ರೂಪಿನಲ್ಲಿ ನಾಲ್ಕೂ ಊರಿನ ನೆಂಟರು, ಮಗಳ ಮದುವೆಯಲ್ಲಿ ಸೇರಿಸಿಕೊಂಡಿದ್ದ ಶಾಮಿಯಾನದವನು, ಅಡುಗೆ ಕಂಟ್ರಾಕ್ಟರು ಇನ್ನೂ ಇದ್ದಾರೆ. ಇದನ್ನು ಹೇಗೆ ಹೇಳುವುದು ಅಂತ ನಾನು ನೀರು ಕುಡಿಯುತ್ತಿರುವಾಗ ಮೂರನೇ ಸಾಲು ಎದ್ದು ನಿಂತಿತು.

“ನಮಗೆ ಗುಟ್ಟಿನ ಮಾತು ಬೇಕಾಗಿಲ್ಲ ಬಿಡ್ರೀ. ಇವರ ದನೀಲಿ ಯಾರಾದ್ರೂ ಫೋನ್ ಮಾಡಿ ‘ದುಡ್ಡು ಕಳಿಸ್ತೀನಿ’ ಅಂದ್ರೆ, ಇದು ಇವರಲ್ಲ ಅಂತ ನಾವೇ 1930ಕ್ಕೆ ಮಾಡ್ತೀವಿ.”

ನಗು ನಿಲ್ಲಲು ಹೊತ್ತು ಹಿಡಿಯಿತು. ವಂದನಾರ್ಪಣೆಯವರು ಎದ್ದು ಜೇಬಿನಿಂದ ಹಾಳೆ ತೆಗೆದು ಬಿಡಿಸಿದರು. ಅವರು ಬಾಯಿ ತೆರೆಯುವ ಮೊದಲೇ ಮೊದಲ ಸಾಲನ್ನು ಸಭೆಗೆ ಸಭೆಯೇ ಒಟ್ಟಿಗೆ ಹೇಳಿತು.