ಆರು ತಿಂಗಳ ಯಜಮಾನರು

ಮಗನ ಮನೆಗೆಂದು ಅಮೆರಿಕಕ್ಕೆ ಹೋದ ಅಪ್ಪಂದಿರಲ್ಲಿ ರಾಯಚೂರು ಸೀಮೆಯವರನ್ನು ಗುರುತಿಸುವುದು ಸುಲಭ. ಮೈಮೇಲೆ ಮಗನ ಹಳೆಯ ಸ್ವೆಟರು, ಕಾಲಿಗೆ ಹೊಸ ಬೂಟು, ಕಂಕುಳಲ್ಲಿ ಮಡಚಿದ ಬಟ್ಟೆ ಚೀಲ. ದೇವದುರ್ಗದಲ್ಲೋ ಮಾನ್ವಿಯಲ್ಲೋ ಮೇಷ್ಟ್ರಾಗಿ ನಿವೃತ್ತರಾದ ಮೇಲೆ ಇವರಿಗೆ ಮನೆಯಲ್ಲಿ ಉಳಿದಿದ್ದ ಅಧಿಕಾರ ಆ ಚೀಲವೊಂದೇ. ಇಲ್ಲಿ ಕಾರು ಓಡಿಸಲು ಬಾರದು, ಟೀವಿ ರಿಮೋಟು ಮೊಮ್ಮಗನ ಕೈಯಲ್ಲಿ. ಶನಿವಾರ ಬಂತೆಂದರೆ ಮಾತ್ರ ಜೀವ ಬರುತ್ತದೆ. ಸನ್ನಿವೇಲ್ ಊರಿನ ಮರ್ಫಿ ಅವೆನ್ಯೂದಲ್ಲಿ ಅಂದು ರೈತರ ಸಂತೆ. ಮಗ ಹಾಸಿಗೆ ಬಿಡುವ ಮೊದಲೇ ಅಪ್ಪ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಾರೆ.

ದಾರಿಯಲ್ಲಿ ಮಗ ತಿಳಿಹೇಳುತ್ತಾನೆ: 1977ರಲ್ಲಿ ಕ್ಯಾಲಿಫೋರ್ನಿಯಾ ನಿಯಮ ಸಡಿಲಿಸಿತು, ಅಂದಿನಿಂದ ಬೆಳೆದ ರೈತನೇ ಗಿರಾಕಿಗೆ ನೇರವಾಗಿ ಮಾರುತ್ತಾನೆ, ನಡುವೆ ಯಾರೂ ಇಲ್ಲ. ರಾಯಚೂರು ಎಪಿಎಂಸಿಗೆ ಹತ್ತಿ ಹೊತ್ತ ಮನೆತನದವರಿಗೆ ಇದು ನಂಬುವ ಮಾತೇ ಅಲ್ಲ.

“ದಲಾಲಿನ ಇಲ್ಲೇನು? ಹಂಗಾದ್ರ ರೈತಗ ಮಗಳ ಮದುವಿಗಿ ಸಾಲ ಕೊಡೋರು ಯಾರು?”

ಸಂತೆ ಹೊಕ್ಕವರೇ ಬೆಂಡೆಕಾಯಿಯ ತುದಿ ಮುರಿಯುತ್ತಾರೆ. ಮಗ ಕೈ ಹಿಡಿಯುವಷ್ಟರಲ್ಲಿ ನಾಲ್ಕು ಮುರಿದಾಗಿರುತ್ತದೆ. ರುಚಿಗೆಂದು ಇಟ್ಟ ಪೀಚ್ ಹೋಳುಗಳನ್ನು ಅಂಗಡಿ ಅಂಗಡಿಯಲ್ಲೂ ತಿಂದು, ಎಲ್ಲ ಕಡೆಯೂ ಮುಖ ಹುಳ್ಳಗೆ ಮಾಡುತ್ತಾರೆ. ಹಣ್ಣು ಚಲೋ ಅದ ಅಂತ ಮುಖದಲ್ಲಿ ಕಂಡರೆ ರೇಟು ಏರುತ್ತದೆಂಬುದು ಹಳೆಯ ಅನುಭವ.

ಬೆಲೆಯನ್ನು ಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಯಜಮಾನರಿಗೆ ಅದು ಬರೀ ಮಾತಿನ ಪೀಠಿಕೆ. ಅರ್ಧಕ್ಕೆ ಬೆರಳು ತೋರಿಸುತ್ತಾರೆ. ಮಾರುವಾಕೆ ನಗುತ್ತಾಳೆ, ಜಗ್ಗುವುದಿಲ್ಲ. ಆಗ ಹೊರಬೀಳುವುದು ರಾಯಚೂರಿನ ಉಸ್ಮಾನಿಯಾ ಮಾರ್ಕೆಟ್ಟಿನಲ್ಲಿ ಎಂದೂ ಸೋಲದ ಅಸ್ತ್ರ. “ಬ್ಯಾಡ ಬಿಡು” ಎಂದು ಹೊರಟುಬಿಡುವುದು. ಅಲ್ಲಾದರೆ ಮೂರನೇ ಹೆಜ್ಜೆಗೆ “ಬರ್ರೀ ಯಜಮಾನ್ರ, ನೀವ ಹೇಳ್ರಿ ಎಷ್ಟ ಕೊಡ್ತೀರಿ” ಎಂಬ ಕೂಗು ಬೆನ್ನಟ್ಟಿ ಬರುತ್ತಿತ್ತು. ಇಲ್ಲಿ ಬೆನ್ನಟ್ಟಿ ಬರುವುದು “ಹ್ಯಾವ್ ಎ ನೈಸ್ ಡೇ”. ಹೆಜ್ಜೆ ನಿಧಾನವಾಗುತ್ತದೆ. ಬಿಚ್ಚದ ಬೂಟಿನ ಲೇಸನ್ನು ಬಗ್ಗಿ ಬಿಚ್ಚಿ, ಮತ್ತೆ ಕಟ್ಟುತ್ತಾರೆ. ತಿರುಗಿ ನೋಡಿದರೆ ಮರ್ಯಾದೆಯ ಪ್ರಶ್ನೆ. ಕಡೆಗೆ ಇಡೀ ಸಂತೆ ಒಂದು ಸುತ್ತು ಹಾಕಿ, ಈಗಷ್ಟೇ ಬಂದವರ ಹಾಗೆ ಅದೇ ಅಂಗಡಿಯ ಮುಂದೆ ನಿಲ್ಲುತ್ತಾರೆ.

ಪೂರಾ ದುಡ್ಡು ಕೊಡುವುದು ಮಗ. ಆದರೂ ಯಜಮಾನರು ಕದಲುವುದಿಲ್ಲ, ಚೀಲದ ಬಾಯಿ ತೆರೆದೇ ಹಿಡಿದಿರುತ್ತಾರೆ. ಆಕೆ ಚೀಲ ನೋಡುತ್ತಾಳೆ, ಮುಖ ನೋಡುತ್ತಾಳೆ, ಏನೂ ತಿಳಿಯದೆ ಎರಡು ಮೆಣಸಿನಕಾಯಿ ಹಾಕುತ್ತಾಳೆ. ಆ ರಾತ್ರಿಯೇ ದೇವದುರ್ಗಕ್ಕೆ ಫೋನು: “ಇಲ್ಲೂ ಕೊಸರು ಹಾಕ್ತಾರೋ ತಮ್ಮಾ! ಕೇಳಾಕ ಬರಬೇಕಷ್ಟ.”

ವೀಸಾದ ಆರು ತಿಂಗಳು ತೀರಿ ಊರಿಗೆ ಮರಳಿದ ಮೇಲೆ ಚೌಕಾಸಿಗೆ ಹೊಸ ಬಲ ಬರುತ್ತದೆ. ಮೆಂತೆ ಪಲ್ಯದ ಸಿವುಡು ಎತ್ತಿ ಹಿಡಿದು, ಸುತ್ತಲಿನವರಿಗೂ ಕೇಳುವಂತೆ ಹೇಳುತ್ತಾರೆ:

“ಏನವ್ವಾ, ಇದ ಪಲ್ಯ ಅಮೆರಿಕಾದಾಗ ಮೂರು ಡಾಲರು! ನಮ್ಮ ರೊಕ್ಕದಾಗ ಎರಡ್ನೂರಾ ಐವತ್ತರ ಮ್ಯಾಲ!”

ಪಲ್ಯದವ್ವ ನೀರು ಚಿಮುಕಿಸುವುದನ್ನು ನಿಲ್ಲಿಸುವುದೂ ಇಲ್ಲ.

“ಹೌದೇನ್ರಿ? ನೀವು ನಮ್ಮೂರವ್ರು, ನೂರ ಕೊಡ್ರಿ ಸಾಕು.”